ಬೆರಳು ಬರಿದಾಗದಿರಲಿ: ತೆಳುವಾದ ಉಣ್ಣೆಯ ಒಳಗವಸನ್ನು ಆರಿಸುವ, ತೊಡುವ, ಕಾಪಾಡುವ ಬಗೆ

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಅವು ಹೊಲಗಳಿಂದ ಕೆರೆಗೆ ಮರಳುವ ಹೊತ್ತಿಗೆ ದಂಡೆಯ ಮೇಲೆ ಇರಬೇಕೆಂದರೆ ಗದಗಿನಿಂದ ನಸುಕಿನಲ್ಲೇ ಹೊರಡಬೇಕು. ಡಿಸೆಂಬರ್ ಕೊನೆಯಲ್ಲಿ, ಜೋಳದ ಹೊಲದಲ್ಲಿ ಸೀತನಿ (ಹಸಿ ಜೋಳದ ತೆನೆ) ಸುಡುವ ದಿನಗಳಲ್ಲಿ, ನೀರಿನ ಮೇಲಿಂದ ಬೀಸುವ ಗಾಳಿಗೆ ಎದುರಾಗಿ ನಿಂತವರಿಗೆ ಗೊತ್ತು: ದಪ್ಪ ಗವಸು ತೊಟ್ಟರೆ ದುರ್ಬೀನಿನ ಚಕ್ರ ತಿರುಗುವುದಿಲ್ಲ, ಪೆನ್ನು ಹಿಡಿಯಲು ಬರುವುದಿಲ್ಲ. ಗವಸು ತೆಗೆದರೆ ಸ್ವಲ್ಪ ಹೊತ್ತಿನಲ್ಲೇ ಬೆರಳು ಬಿಗಿದುಕೊಳ್ಳುತ್ತವೆ.

ಕೆರೆಯ ದಂಡೆಯಲ್ಲಿ ಅದು ಕಿರಿಕಿರಿ ಅಷ್ಟೇ. ಬೆಟ್ಟದ ಮೇಲೆ ಅದು ಅಪಾಯ. ಉತ್ತರಾಖಂಡದ ಕೇದಾರಕಾಂಠಕ್ಕೆ ಚಳಿಗಾಲದಲ್ಲಿ ಹೋಗಿದ್ದಾಗ, ಹಿಮದಲ್ಲಿ ಜಾರದಂತೆ ಬೂಟಿಗೆ ಹಾಕಿಕೊಳ್ಳುವ ಮುಳ್ಳುಸರಪಳಿಯನ್ನು ಬಿಗಿಯಲು ನಾನು ಗವಸು ಕಳಚಿದೆ. ಐದು ನಿಮಿಷದ ಕೆಲಸ. ಮುಗಿಯುವಷ್ಟರಲ್ಲಿ ಬಲಗೈಯ ಮೂರು ಬೆರಳುಗಳ ತುದಿಯಲ್ಲಿ ಸ್ಪರ್ಶವೇ ಇರಲಿಲ್ಲ. ಮತ್ತೆ ರಕ್ತ ಹರಿಯತೊಡಗಿದಾಗ ಆದ ನೋವು ಈಗಲೂ ನೆನಪಿದೆ. ನನ್ನ ದಪ್ಪ ಗವಸಿನಲ್ಲಿ ಯಾವ ದೋಷವೂ ಇರಲಿಲ್ಲ. ಅದನ್ನು ತೆಗೆದಾಗ ಒಳಗೆ ಇನ್ನೊಂದು ಪದರ ಇರಲಿಲ್ಲ, ಅದೇ ಕೊರತೆ. ಚಳಿಯಲ್ಲಿ ಕೈ ಕೆಡುವುದು ಬಹುಪಾಲು ಗವಸು ತೆಗೆದ ಆ ಕೆಲವು ನಿಮಿಷಗಳಲ್ಲೇ.

ಆ ಇನ್ನೊಂದು ಪದರವೇ ಒಳಗವಸು. ಅಂಗಡಿಯಲ್ಲಿ ಲೈನರ್ ಗ್ಲೌಸ್ ಎಂದು ಕೇಳಿ. ತೆಳ್ಳಗೆ ಹೆಣೆದ, ಚರ್ಮಕ್ಕೆ ಅಂಟಿಕೊಂಡು ಕೂರುವ, ಒಂದು ಜೊತೆಗೆ ಸುಮಾರು 30ರಿಂದ 50 ಗ್ರಾಂ ತೂಗುವ ಗವಸು. ಅದನ್ನು ಒಂಟಿಯಾಗಿಯೂ ತೊಡಬಹುದು, ದಪ್ಪ ಗವಸಿನ ಒಳಗೂ ತೊಡಬಹುದು.

ಮೊದಲು ಕೆಲಸ ಯಾವುದೆಂದು ಗೊತ್ತುಮಾಡಿಕೊಳ್ಳಿ

ನಮ್ಮ ಕಡೆ ಈ ಗವಸು ಬೇಕಾಗುವುದು ಮೂರು ಬಗೆಯವರಿಗೆ. ಹುಬ್ಬಳ್ಳಿಯ ಉಣಕಲ್ ಕೆರೆಯ ಸುತ್ತ, ನೃಪತುಂಗ ಬೆಟ್ಟದಲ್ಲಿ, ಧಾರವಾಡದ ಸಾಧನಕೇರಿಯ ದಂಡೆಯಲ್ಲಿ ನಸುಕಿನಲ್ಲಿ ನಡೆಯುವವರಿಗೆ, ಓಡುವವರಿಗೆ, ಕಪ್ಪತಗುಡ್ಡ ಹತ್ತುವವರಿಗೆ ಒಂದು ಜೊತೆ ಒಳಗವಸಷ್ಟೇ ಸಾಕು. ಬೈಕ್ ಅಥವಾ ಸೈಕಲ್ ಮೇಲೆ ಹೋಗುವವರಿಗೆ ಒಳಗವಸಿನ ಮೇಲೆ ಗಾಳಿ ತಡೆಯುವ ಪದರ ಬೇಕೇ ಬೇಕು. ಹಿಮಾಲಯಕ್ಕೆ ಹೋಗುವವರಿಗೆ ಮೂರು ಪದರ ಬೇಕು: ಚರ್ಮಕ್ಕೆ ಉಣ್ಣೆ, ಅದರ ಮೇಲೆ ಬೆಚ್ಚನೆಯ ದಪ್ಪ ಗವಸು, ಹೊರಗೆ ನೀರು ಮತ್ತು ಗಾಳಿ ತಡೆಯುವ ಕವಚ. ಇದರಲ್ಲಿ ನೀವು ಯಾರೆಂದು ಮೊದಲೇ ನಿರ್ಧರಿಸಿದರೆ ಅಂಗಡಿಯಲ್ಲಿ ಹಣ ಪೋಲಾಗುವುದಿಲ್ಲ. ಧಾರವಾಡದ ಚಳಿಗಾಗಿ ಹಿಮದ ಗವಸು ಕೊಂಡವರ ಕೈ ಬೆವೆತು ಒದ್ದೆಯಾಗುತ್ತದೆ. ಒದ್ದೆಯಾದ ಕೈಗೆ ಚಳಿ ಇನ್ನೂ ಬೇಗ ತಟ್ಟುತ್ತದೆ.

ಕೈ ಅಳೆಯಿರಿ

ಬಟ್ಟೆ ಅಳೆಯುವ ಟೇಪನ್ನು ಹೆಬ್ಬೆರಳು ಬಿಟ್ಟು, ಗೆಣ್ಣುಗಳ ಮೇಲಿಂದ ಅಂಗೈಯ ಸುತ್ತ ತನ್ನಿ. ನೀವು ಹೆಚ್ಚು ಬಳಸುವ ಕೈಯನ್ನೇ ಅಳೆಯಿರಿ. ಗವಸಿನ ಅಳತೆಯ ಸಂಖ್ಯೆ ಇಂಚಿನ ಲೆಕ್ಕ: ಸುತ್ತಳತೆ 18 ಸೆಂ.ಮೀ. ಇದ್ದರೆ 7, 20 ಇದ್ದರೆ 8, 23 ಇದ್ದರೆ 9. ಒಳಗವಸು ಬೆರಳಿನ ತುದಿಯಲ್ಲಿ ಸಡಿಲವಾಗಿರಬಾರದು. ಹಾಗೆಂದು ಮುಷ್ಟಿ ಕಟ್ಟಿದಾಗ ಬೆರಳುಗಳ ಸಂದಿನಲ್ಲಿ ಎಳೆಯಲೂಬಾರದು, ಏಕೆಂದರೆ ಬಿಗಿಯಾದ ಗವಸು ರಕ್ತ ಹರಿಯುವುದನ್ನು ತಡೆಯುತ್ತದೆ. ಹೊರಗವಸನ್ನು ಕೊಳ್ಳುವಾಗ ಒಳಗವಸು ತೊಟ್ಟುಕೊಂಡೇ ಹಾಕಿನೋಡಿ. ಸಾಮಾನ್ಯವಾಗಿ ಒಂದು ಅಳತೆ ದೊಡ್ಡದು ಬೇಕಾಗುತ್ತದೆ.

ಉಣ್ಣೆಯನ್ನು ಗುರುತಿಸುವುದು

ಉಣ್ಣೆಯೇ ಏಕೆ ಎಂದು ಕೇಳುವವರಿದ್ದಾರೆ. ಉಣ್ಣೆಯ ಎಳೆ ನೆಟ್ಟಗಿರುವುದಿಲ್ಲ, ಅಲೆಅಲೆಯಾಗಿರುತ್ತದೆ. ಆ ಅಲೆಗಳ ನಡುವೆ ಗಾಳಿ ಸಿಕ್ಕಿಕೊಂಡು ನಿಲ್ಲುತ್ತದೆ. ನಮ್ಮನ್ನು ಬೆಚ್ಚಗಿಡುವುದು ಹಾಗೆ ನಿಂತ ಗಾಳಿ. ಜೊತೆಗೆ ಉಣ್ಣೆ ತನ್ನ ತೂಕದ ಸುಮಾರು 30 ಪ್ರತಿಶತದಷ್ಟು ತೇವವನ್ನು ಎಳೆಯ ಒಳಗೇ ಹೀರಿಕೊಳ್ಳಬಲ್ಲದು, ಆದರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ಕೈ ಬೆವರುವುದು ನಿಲ್ಲುವುದಿಲ್ಲವಾದ್ದರಿಂದ ಈ ಗುಣ ಬಲು ದೊಡ್ಡದು. ಹತ್ತಿಯ ಗವಸು ಬೆವರಿಗೆ ನೆನೆದು ತಣ್ಣಗಾಗುತ್ತದೆ. ಬೆಟ್ಟಕ್ಕೆ ಹತ್ತಿಯ ಗವಸು ಒಯ್ಯಲೇಬೇಡಿ.

ಹಾಗಾದರೆ ನಮ್ಮ ಊರಿನ ಉಣ್ಣೆ ಆಗುವುದಿಲ್ಲವೇ? ಕುರಿಗಾಹಿಗಳ ನಾಡಿನಲ್ಲಿ ಇದು ಏಳಲೇಬೇಕಾದ ಪ್ರಶ್ನೆ. ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿ ಕಂಬಳಿಗೆ ಹೆಸರಾದ ಊರು. ಅದೇ ಕಂಬಳಿಯ ಕೊಪ್ಪೆ ಹಾಕಿಕೊಂಡು ಕುರುಬರು ಮಳೆಯಲ್ಲೂ ಚಳಿಯಲ್ಲೂ ಬಯಲಿನಲ್ಲಿ ಕುರಿ ಕಾದಿದ್ದಾರೆ. ಬೆಚ್ಚಗಿಡುವುದರಲ್ಲಿ ಆ ಉಣ್ಣೆಗೆ ಯಾವ ಕೊರತೆಯೂ ಇಲ್ಲ. ಆದರೆ ನಮ್ಮ ಕಡೆಯ ದಖ್ಖನಿ ಕುರಿಯ ಉಣ್ಣೆ ಒರಟು. ಎಳೆಯ ದಪ್ಪ ಸುಮಾರು 30 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಾಟಿದರೆ ಅದರ ತುದಿ ಚರ್ಮಕ್ಕೆ ಚುಚ್ಚುತ್ತದೆ, ತುರಿಕೆ ಎನಿಸುತ್ತದೆ. ಒಳಗವಸಿಗೆ ಬಳಸುವ ಮೆರಿನೊ ಕುರಿಯ ಉಣ್ಣೆ ಸಾಮಾನ್ಯವಾಗಿ 17ರಿಂದ 20 ಮೈಕ್ರಾನ್ ಇರುತ್ತದೆ. ಅಷ್ಟು ನವಿರಾದ ಎಳೆ ಚರ್ಮಕ್ಕೆ ಒತ್ತಿದರೆ ಬಾಗುತ್ತದೆ, ಚುಚ್ಚುವುದಿಲ್ಲ. ಆದ್ದರಿಂದ ಒಳಗೆ ಮೆರಿನೊ ಇರಲಿ, ಹೊರಗೆ ಕಂಬಳಿ ಇರಲಿ ಎಂಬುದು ನನ್ನ ಅಭಿಪ್ರಾಯ. ಇದನ್ನು ಬಾಯಿಮಾತಿಗೆ ಹೇಳುತ್ತಿಲ್ಲ. ನಾನೇ ಹಳೆಯ ಕಂಬಳಿಯ ತುಂಡಿನಿಂದ ಒಂದು ಜೊತೆ ಹೊರಗವಸು ಹೊಲಿದುಕೊಂಡಿದ್ದೇನೆ, ಮಾಗಡಿಗೆ ಅದನ್ನೇ ಒಯ್ಯುತ್ತೇನೆ.

ಹೊಲಿಯುವುದು ಕಷ್ಟವಲ್ಲ. ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿದ್ದರೆ ಅದು ಬಿರುಸಾಗಿರುತ್ತದೆ. ತುಂಡನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಗಂಜಿ ಬಿಡಿಸಿ, ನೆರಳಲ್ಲಿ ಒಣಗಿಸಿ. ಒಳಗವಸು ತೊಟ್ಟ ಕೈಯನ್ನು ಅದರ ಮೇಲಿಟ್ಟು, ನಾಲ್ಕು ಬೆರಳು ಒಟ್ಟಿಗೆ, ಹೆಬ್ಬೆರಳು ಬೇರೆಯಾಗಿ, ಸುತ್ತಲೂ ಎರಡು ಸೆಂಟಿಮೀಟರ್ ಬಿಟ್ಟು ಸುಣ್ಣದ ಕಡ್ಡಿಯಿಂದ ಗೆರೆ ಎಳೆಯಿರಿ. ಮಣಿಕಟ್ಟಿನ ಮೇಲೆ ನಾಲ್ಕು ಬೆರಳಗಲ ಹೆಚ್ಚಿಗೆ ಬಿಡಿ. ಒಂದೊಂದು ಕೈಗೆ ಎರಡೆರಡು ತುಂಡು ಕತ್ತರಿಸಿ, ದಪ್ಪ ದಾರದಿಂದ ಅಂಚು ಹೊಲಿದು ಒಳಮಗ್ಗಲು ಹೊರಗೆ ಮಾಡಿ. ಬೆರಳುಗಳು ಒಂದೇ ಚೀಲದಲ್ಲಿ ಒಂದಕ್ಕೊಂದು ತಾಗಿಕೊಂಡಿರುವುದರಿಂದ ಇದು ಬಿಡಿಬೆರಳಿನ ಗವಸಿಗಿಂತ ಬೆಚ್ಚಗಿರುತ್ತದೆ. ಎರಡೂ ಗವಸುಗಳನ್ನು ಒಂದು ಉದ್ದ ದಾರದಿಂದ ಜೋಡಿಸಿ, ದಾರವನ್ನು ಜಾಕೆಟ್ಟಿನ ಒಂದು ತೋಳಿನಿಂದ ಬೆನ್ನಿನ ಮೇಲೆ ಹಾಯಿಸಿ ಇನ್ನೊಂದು ತೋಳಿನಿಂದ ಹೊರತೆಗೆಯಿರಿ. ಹಕ್ಕಿ ಕಂಡ ಕ್ಷಣ ಕೈ ಹೊರಗೆಳೆದರೆ ಹೊರಗವಸು ತೋಳಿಗೆ ಜೋತುಬೀಳುತ್ತದೆ, ಒಳಗವಸು ತೊಟ್ಟ ಬೆರಳು ದುರ್ಬೀನಿನ ಮೇಲೆ ಇರುತ್ತವೆ. ಒಣ ಚಳಿಗೆ ಇದು ಸಾಕು. ಹಸಿ ಹಿಮಕ್ಕೆ ಮಾತ್ರ ಸಾಲದು, ಅಲ್ಲಿ ನೀರು ತಡೆಯುವ ಕವಚ ಬೇಕು.

ಅಂಗಡಿಯಲ್ಲಿ ನೋಡಬೇಕಾದದ್ದು

ಚಳಿಗಾಲ ಬಂದಾಗ ಹುಬ್ಬಳ್ಳಿಯ ದುರ್ಗದಬೈಲಿನಲ್ಲೂ ಧಾರವಾಡದ ಸುಭಾಸ ರಸ್ತೆಯಲ್ಲೂ ಗವಸುಗಳು ತೂಗಾಡುತ್ತವೆ. ಅವುಗಳಲ್ಲಿ ಬಹಳಷ್ಟು ಅಕ್ರಿಲಿಕ್, ಅಂದರೆ ಕೃತಕ ನೂಲಿನವು. ವ್ಯಾಪಾರದ ಮಾತಿನಲ್ಲಿ ವೂಲನ್ ಎಂದರೆ ಉಣ್ಣೆಯಂತೆ ಕಾಣುವ ಹೆಣಿಗೆ ಎಂದಷ್ಟೇ ಅರ್ಥ. ಆದ್ದರಿಂದ ಒಳಗಿನ ಚೀಟಿ ಓದಿ. ಬೆಳಗಿನ ನಡಿಗೆಗೆ ಅಕ್ರಿಲಿಕ್ ಗವಸು ಕೊಂಡರೆ ತಪ್ಪಿಲ್ಲ, ಅದೂ ಬೆಚ್ಚಗಿಡುತ್ತದೆ. ಆದರೆ ಬೆವರನ್ನು ಎಳೆಯೊಳಗೆ ಹೀರುವುದಿಲ್ಲ, ಬೇಗ ವಾಸನೆ ಹಿಡಿಯುತ್ತದೆ. ನಿಜವಾದ ಮೆರಿನೊ ಒಳಗವಸನ್ನು ಚಾರಣದ ಸಾಮಾನು ಮಾರುವ ಅಂಗಡಿಗಳಲ್ಲಿ ಅಥವಾ ಆನ್‌ಲೈನ್‌ನಲ್ಲಿ ಹುಡುಕಬೇಕಾಗುತ್ತದೆ. ರಸ್ತೆಬದಿಯ ಬೆಲೆಗೆ ಅದು ಸಿಗುವುದಿಲ್ಲ.

ಚೀಟಿಯಲ್ಲಿ ನೂರಕ್ಕೆ ನೂರು ಉಣ್ಣೆ ಎಂದಿರುವುದನ್ನೇ ಹುಡುಕಿಕೊಂಡು ಹೋಗಬೇಡಿ. ಶುದ್ಧ ಮೆರಿನೊ ತೆಳುವಾದಷ್ಟೂ ಬೆರಳ ತುದಿಯಲ್ಲಿ ಬೇಗ ಸವೆಯುತ್ತದೆ. ಮುಕ್ಕಾಲು ಪಾಲಿಗಿಂತ ಹೆಚ್ಚು ಉಣ್ಣೆ, ಉಳಿದದ್ದು ನೈಲಾನ್, ಜೊತೆಗೆ ಚೂರು ಎಲಾಸ್ಟೇನ್ (ಎಳೆದರೆ ಹಿಗ್ಗುವ ನೂಲು) ಇದ್ದರೆ ಬಾಳಿಕೆ ಚೆನ್ನ, ಕೈಗೂ ಚೆನ್ನಾಗಿ ಕೂರುತ್ತದೆ. ನಂತರ ಗವಸನ್ನು ಒಳಹೊರಗು ಮಾಡಿ ಬೆರಳ ತುದಿಯ ಹೊಲಿಗೆಯನ್ನು ಉಗುರಿನಿಂದ ಸವರಿ. ಅಲ್ಲಿ ಗಂಟು ಇದ್ದರೆ, ಮೇಲೆ ಇನ್ನೊಂದು ಗವಸು ತೊಟ್ಟಾಗ ಅದು ದಿನವಿಡೀ ಉಗುರನ್ನು ಒತ್ತುತ್ತದೆ. ಮಣಿಕಟ್ಟಿನ ಪಟ್ಟಿ ಉದ್ದವಾಗಿದ್ದು ತೋಳಿನ ಒಳಗೆ ಸೇರಬೇಕು. ಮಣಿಕಟ್ಟಿನಲ್ಲಿ ರಕ್ತನಾಳಗಳು ಚರ್ಮಕ್ಕೆ ಹತ್ತಿರವಾಗಿ ಹಾಯುತ್ತವೆ. ತೋಳಿಗೂ ಗವಸಿಗೂ ನಡುವೆ ಎರಡು ಬೆರಳಗಲ ಚರ್ಮ ಬರಿದಾಗಿದ್ದರೆ ಬೆರಳಿಗೆ ಹೋಗುವ ರಕ್ತ ಅಲ್ಲಿಯೇ ತಣ್ಣಗಾಗುತ್ತದೆ.

ಮೊಬೈಲಿನ ಪರದೆ ಬೆರಳಿನ ವಿದ್ಯುತ್ ಗುಣವನ್ನು ಗ್ರಹಿಸಿ ಕೆಲಸ ಮಾಡುತ್ತದೆ, ಉಣ್ಣೆ ಅದನ್ನು ತಡೆಯುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿ ವಿದ್ಯುತ್ ಹಾಯುವ ನೂಲು ಸೇರಿಸಿದ ಗವಸು ಸಿಗುತ್ತದೆ. ನಿಮ್ಮದೇ ಮೊಬೈಲಿನಲ್ಲಿ ಒಂದು ಸಂಖ್ಯೆ ಒತ್ತಿ ನೋಡಿಯೇ ಕೊಳ್ಳಿ.

ಉಣ್ಣೆ ಹೌದೋ ಅಲ್ಲವೋ ಎಂಬ ಅನುಮಾನ ಉಳಿದರೆ, ಮನೆಗೆ ತಂದ ಮೇಲೆ ಒಳಗಿನಿಂದ ಒಂದು ಸಡಿಲ ಎಳೆ ಕಿತ್ತು, ಚಿಮಟದಲ್ಲಿ ಹಿಡಿದು ಬೆಂಕಿಕಡ್ಡಿ ತಾಗಿಸಿ. ಉಣ್ಣೆ ನಿಧಾನವಾಗಿ ಉರಿದು ಕೂದಲು ಸುಟ್ಟ ವಾಸನೆ ಬಿಡುತ್ತದೆ, ಬೆಂಕಿ ಸರಿಸಿದರೆ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿಯಾದ ಮಣಿಯಂತಾಗುತ್ತದೆ. ಇದನ್ನು ಒಲೆಯ ಹತ್ತಿರವಲ್ಲ, ನೀರಿನ ತೊಟ್ಟಿಯ ಪಕ್ಕದಲ್ಲಿ ಮಾಡಿ.

ಹೊರಡುವ ಮುನ್ನ ಊರಿನಲ್ಲೇ ಪರೀಕ್ಷಿಸಿ

ಈ ಹೆಜ್ಜೆಯನ್ನು ಯಾರೂ ಬಿಡಬಾರದು. ಒಳಗವಸು ತೊಟ್ಟುಕೊಂಡು ಬೂಟಿನ ದಾರ ಕಟ್ಟಿ, ಚೀಲದ ಜಿಪ್ ಎಳೆಯಿರಿ, ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ, ಹಾಳೆಯಿಂದ ಒಂದು ಮಾತ್ರೆ ಬಿಡಿಸಿ, ತಲೆದೀಪದ ಬ್ಯಾಟರಿ ಬದಲಿಸಿ. ಯಾವ ಕೆಲಸಕ್ಕೆ ಗವಸು ತೆಗೆಯಬೇಕಾಯಿತೋ ಅದನ್ನು ಗುರುತಿಟ್ಟುಕೊಳ್ಳಿ, ಆ ಸಾಮಾನನ್ನೇ ಬದಲಿಸಿ. ಜಿಪ್ಪಿನ ತುದಿಗೆ ಒಂದು ಗೇಣು ಲಾಡಿ ಕಟ್ಟಿದರೆ ಗವಸು ತೊಟ್ಟೇ ಎಳೆಯಬಹುದು. ಮಾತ್ರೆಗಳನ್ನು ಮೊದಲೇ ಬಿಡಿಸಿ, ಹೆಸರು ಬರೆದ ಪುಟ್ಟ ಡಬ್ಬಿಯಲ್ಲಿ ಇಡಬಹುದು. ಆಮೇಲೆ ಒಂದು ನಸುಕಿನಲ್ಲಿ ನೃಪತುಂಗ ಬೆಟ್ಟವನ್ನು ಬಿರುಸಾಗಿ ಹತ್ತಿಬನ್ನಿ. ಕೈ ಎಷ್ಟು ಬೆವರುತ್ತದೆ, ಗವಸು ಎಷ್ಟು ಹೊತ್ತಿಗೆ ಆರುತ್ತದೆ ಎಂಬುದು ತಿಳಿಯುತ್ತದೆ.

ಬೈಕಿನ ಮೇಲೆ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರ್. ನಸುಕಿನಲ್ಲಿ ಅಷ್ಟು ದೂರ ಉಣ್ಣೆಯ ಗವಸೊಂದನ್ನೇ ತೊಟ್ಟು ಹೋದರೆ ಕೈ ತಣ್ಣಗಾಗುತ್ತದೆ, ಏಕೆಂದರೆ ಹೆಣಿಗೆಯ ಕಣ್ಣುಗಳಿಂದ ಗಾಳಿ ನುಗ್ಗಿ ಒಳಗೆ ನಿಂತ ಬೆಚ್ಚನೆಯ ಗಾಳಿಯನ್ನು ಹೊತ್ತೊಯ್ಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ಸುರಕ್ಷತೆ. ಉಣ್ಣೆ ಬ್ರೇಕಿನ ಹಿಡಿಕೆಯ ಮೇಲೆ ಜಾರುತ್ತದೆ, ಬಿದ್ದರೆ ಅಂಗೈಯನ್ನು ಕಾಯುವುದಿಲ್ಲ. ಹೊರಗೆ ಚರ್ಮದ ಅಥವಾ ಸವಾರಿಗೆಂದೇ ಮಾಡಿದ ಗವಸು ಇರಲಿ, ಒಳಗೆ ಉಣ್ಣೆ ಇರಲಿ. ಗಾಡಿ ನಿಂತಿರುವಾಗಲೇ ಕ್ಲಚ್ಚು, ಬ್ರೇಕು, ದೀಪದ ಗುಂಡಿಗಳನ್ನು ಹತ್ತು ಸಲ ಒತ್ತಿನೋಡಿ.

ಹಿಮದಲ್ಲಿ

ಒಂದು ಸಾವಿರ ಮೀಟರ್ ಏರಿದರೆ ಗಾಳಿಯ ಉಷ್ಣತೆ ಸುಮಾರು 6 ಡಿಗ್ರಿ ಇಳಿಯುತ್ತದೆ. ಕೇದಾರಕಾಂಠದ ತುದಿ ಸುಮಾರು 3,800 ಮೀಟರ್, ಚಾರಣ ಹೊರಡುವ ಸಾಂಕ್ರಿ ಹಳ್ಳಿ 2,000 ಮೀಟರಿಗೆ ತುಸು ಕೆಳಗೆ. ಅಂದರೆ ಹಳ್ಳಿಯಲ್ಲಿರುವ ಚಳಿಗಿಂತ ತುದಿಯಲ್ಲಿ ಹತ್ತು ಹನ್ನೆರಡು ಡಿಗ್ರಿ ಹೆಚ್ಚು ಚಳಿ, ಗಾಳಿಯ ಏಟು ಬೇರೆ. ನಮ್ಮ ಬಯಲುಸೀಮೆಯಿಂದ ಹೋದವರ ದೇಹಕ್ಕೆ ಇದರ ರೂಢಿ ಇರುವುದಿಲ್ಲ.

ಒಳಗವಸನ್ನು ಬಿಡಾರದ ಒಳಗೇ, ಕೈ ಬೆಚ್ಚಗಿರುವಾಗಲೇ ತೊಡಿ. ತಣ್ಣಗಾದ ಕೈಗೆ ತೊಟ್ಟರೆ ಗವಸು ಆ ತಂಪನ್ನೇ ಹಿಡಿದಿಡುತ್ತದೆ. ಏರುವಾಗ ಕೈ ಬೆವರುವ ಮೊದಲೇ ನಡುವಿನ ದಪ್ಪ ಪದರ ತೆಗೆಯಿರಿ, ನಿಂತ ಕೂಡಲೇ ಹಾಕಿಕೊಳ್ಳಿ. ಒಳಗವಸು ಮಾತ್ರ ಬೆಳಗಿನಿಂದ ಸಂಜೆಯವರೆಗೆ ಕೈಯಲ್ಲೇ ಇರಲಿ. ಊರುಗೋಲಿನ ಲೋಹವನ್ನಾಗಲಿ ಮುಳ್ಳುಸರಪಳಿಯನ್ನಾಗಲಿ ಬರಿಗೈಯಲ್ಲಿ ಮುಟ್ಟಬೇಡಿ, ಲೋಹ ಕೈಯ ಬಿಸಿಯನ್ನು ಕ್ಷಣದಲ್ಲಿ ಎಳೆದುಕೊಳ್ಳುತ್ತದೆ. ಎರಡನೆಯ ಜೊತೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಯ ಒಳಜೇಬಿನಲ್ಲಿಡಿ. ಮೊದಲ ಜೊತೆ ನೆನೆದರೆ ಬದಲಿಸಿ, ನೆನೆದದ್ದನ್ನು ಅದುಮಿ ನೀರು ತೆಗೆದು ಅಂಗಿಯ ಒಳಗೆ ಹೊಟ್ಟೆಗೆ ಒತ್ತಿಕೊಂಡು ನಡೆಯಿರಿ, ರಾತ್ರಿ ಮಲಗುಚೀಲದೊಳಗೆ ಇಟ್ಟುಕೊಳ್ಳಿ. ಬೆಂಕಿಯ ಹತ್ತಿರ ಒಣಗಿಸಬೇಡಿ. ನೈಲಾನ್ ಬೆರೆತ ಎಳೆ ಕರಗುತ್ತದೆ, ಉಣ್ಣೆ ಸೀದು ಬಿರುಸಾಗುತ್ತದೆ.

ಬೆರಳ ತುದಿ ಬಿಳುಚಿಕೊಂಡು, ಮುಟ್ಟಿದರೆ ತಿಳಿಯದಂತಾದರೆ ಕೂಡಲೇ ನಿಂತು, ಗಾಳಿಗೆ ಮರೆಯಾಗಿ, ಕೈಯನ್ನು ಕಂಕುಳಲ್ಲಿ ಇಟ್ಟುಕೊಳ್ಳಿ. ತಿಕ್ಕಬೇಡಿ, ಹಿಮ ಹಚ್ಚಬೇಡಿ, ಬೆಂಕಿಗೆ ಹಿಡಿಯಬೇಡಿ. ಸ್ಪರ್ಶವಿಲ್ಲದ ಬೆರಳು ಸುಟ್ಟರೂ ಗೊತ್ತಾಗುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಬಣ್ಣವೂ ಸ್ಪರ್ಶವೂ ಮರಳದಿದ್ದರೆ, ಅಥವಾ ಬೆರಳು ಗಟ್ಟಿಯಾಗಿ ಮೇಣದಂತೆ ಕಂಡರೆ, ಏರುವುದನ್ನು ಬಿಟ್ಟು ತಂಡದ ನಾಯಕರಿಗೆ ಹೇಳಿ, ಕೆಳಗಿಳಿದು ವೈದ್ಯರನ್ನು ಕಾಣಿ. ಊರಿನ ಸಾಧಾರಣ ಚಳಿಗೇ ಬೆರಳು ಬಿಳಿಯಾಗಿ, ನೀಲಿಯಾಗಿ ತಿರುಗುವವರು ಚಾರಣಕ್ಕೆ ಹೆಸರು ಕೊಡುವ ಮೊದಲೇ ವೈದ್ಯರ ಸಲಹೆ ಪಡೆಯಬೇಕು.

ಒಗೆಯುವುದು, ರಫು ಮಾಡುವುದು

ಉಣ್ಣೆಯ ಎಳೆಯ ಮೇಲೆ ಸೂಕ್ಷ್ಮವಾದ ಹುರುಪೆಗಳಿವೆ. ಬಿಸಿನೀರಿನಲ್ಲಿ ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಗವಸು ಕುಗ್ಗಿ ಗಟ್ಟಿಯಾಗುತ್ತದೆ, ಮತ್ತೆ ಹಿಗ್ಗುವುದಿಲ್ಲ. ಉಗುರುಬೆಚ್ಚಗಿನ ನೀರಿಗೆ ಅಂಟುವಾಳದ ನೊರೆ ಅಥವಾ ಉಣ್ಣೆಗೆಂದೇ ಸಿಗುವ ದ್ರವ ಬೆರೆಸಿ, ಹತ್ತು ನಿಮಿಷ ನೆನೆಸಿ, ಮೆಲ್ಲಗೆ ಒತ್ತಿ. ಕಲೆ ತೆಗೆಯಲು ಎಂಜೈಮ್ ಸೇರಿಸಿದ ಪುಡಿ ಬೇಡ. ಉಣ್ಣೆ ಕೂದಲಿನಂತೆ ಪ್ರೋಟೀನು, ಆ ಎಂಜೈಮ್ ಎಳೆಯನ್ನೇ ತಿನ್ನುತ್ತದೆ. ಬ್ಲೀಚ್ ಅಂತೂ ಉಣ್ಣೆಯನ್ನು ಕರಗಿಸಿಬಿಡುತ್ತದೆ. ಹಿಂಡದೆ ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿ ನೀರು ತೆಗೆದು, ನೆರಳಲ್ಲಿ ಚಾಪೆಯ ಮೇಲೆ ಹರಡಿ. ಪ್ರತಿದಿನ ಒಗೆಯಬೇಕಿಲ್ಲ, ಒಂದು ರಾತ್ರಿ ಗಾಳಿಗೆ ಹಾಕಿದರೆ ವಾಸನೆ ಹೋಗುತ್ತದೆ. ಹಾವೇರಿ ಕಡೆಯವರಿಗೆ ಒಂದು ಮಾತು: ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಮುಟ್ಟಿದ ಗವಸನ್ನು ಒಗೆಯದೆ ಮತ್ತೆ ತೊಡಬೇಡಿ. ಖಾರದ ಪುಡಿ ಎಳೆಗಳ ನಡುವೆ ಕೂತಿರುತ್ತದೆ, ಚಳಿಗೆ ಕಣ್ಣಲ್ಲಿ ನೀರು ಬಂದು ಒರೆಸಿಕೊಂಡಾಗ ಉರಿ ತಡೆಯಲಾಗುವುದಿಲ್ಲ.

ತೂತು ಸಣ್ಣದಿರುವಾಗಲೇ ರಫು ಮಾಡಿ. ಬೆರಳೊಳಗೆ ದಪ್ಪ ಪೆನ್ನೊಂದನ್ನು ತೂರಿಸಿ, ಅದರ ಮೇಲೆ ಹೆಣಿಗೆಯನ್ನು ಬಿಗಿ ಮಾಡಿ, ಅದೇ ದಪ್ಪದ ಉಣ್ಣೆ ದಾರದಿಂದ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮೇಲೆ ಕೆಳಗೆ ನೇಯ್ಗೆಯಂತೆ ಹಾಯಿಸಿ. ಗಂಟು ಹಾಕಬೇಡಿ, ದಾರದ ತುದಿಗಳನ್ನು ಹೆಣಿಗೆಯೊಳಗೇ ಹಾಯಿಸಿ ಬಿಡಿ.

ಮಳೆಗಾಲ ಕಳೆಯುವುದು

ಧಾರವಾಡದ ಮಳೆಗಾಲದಲ್ಲಿ ಕಪಾಟಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಉಣ್ಣೆಗೆ ಅದರ ಜೊತೆಗೆ ನುಸಿಯ ಕಾಟ. ಉಣ್ಣೆ ತಿನ್ನುವುದು ಹಾರುವ ನುಸಿಯಲ್ಲ, ಅದರ ಮರಿಹುಳು. ಬೆವರು, ಎಣ್ಣೆ, ಊಟದ ಕಲೆ ಇರುವ ಕಡೆಯೇ ಅದು ಮೊದಲು ಕಚ್ಚುತ್ತದೆ. ಆದ್ದರಿಂದ ಮಾರ್ಚಿನಲ್ಲೇ ಒಗೆದು, ಪೂರ್ತಿ ಒಣಗಿಸಿ, ಗಾಳಿಯಾಡದ ಜಿಪ್ ಚೀಲದಲ್ಲಿ ಮುಚ್ಚಿಡಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ನುಸಿಗುಳಿಗೆ ಬೇಡ, ಅದು ವಿಷ. ಅದರ ವಾಸನೆಯೂ ಉಣ್ಣೆಯನ್ನು ಸುಲಭವಾಗಿ ಬಿಡುವುದಿಲ್ಲ. ಹುಳು ಹಿಡಿದ ಅನುಮಾನವಿದ್ದರೆ ಮುಚ್ಚಿದ ಚೀಲವನ್ನು ಎರಡು ವಾರ ಫ್ರೀಜರಿನಲ್ಲಿಡಿ.

ದೀಪಾವಳಿಯ ಹೊತ್ತಿಗೆ ಚೀಲ ಬಿಚ್ಚಿ, ಗವಸನ್ನು ಬೆಳಕಿಗೆ ಹಿಡಿದು ಬೆರಳು ಬೆರಳನ್ನೂ ನೋಡಿ. ಹೊಸದು ಕೊಳ್ಳುವುದಾದರೆ ಒಂದೇ ಬಣ್ಣದ, ಒಂದೇ ಅಳತೆಯ ಎರಡು ಜೊತೆ ಕೊಳ್ಳಿ. ತೆಳುವಾದ ಒಳಗವಸುಗಳಲ್ಲಿ ಹಲವಕ್ಕೆ ಎಡ ಬಲ ಎಂಬ ಭೇದವಿಲ್ಲ, ದಾರಿಯಲ್ಲಿ ಒಂದು ಕಳೆದರೂ ಕೈಗೆ ಹಾಕಲು ಮೂರು ಉಳಿದಿರುತ್ತವೆ.